ಗೊಂಬೆ ಮೆಟ್ಟಿಲಿನ ಎಲ್‌ಇಡಿ ಪೂರ್ತಿ ಆರಬೇಕಾದರೆ

ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲಂಚಿಗೆ ಎಲ್‌ಇಡಿ ಪಟ್ಟಿ ಅಂಟಿಸುವುದು ಮೈಸೂರು, ಮಂಡ್ಯದ ಕಡೆ ಈಗ ಮಾಮೂಲು. ಪ್ರೋಗ್ರಾಮು ನಡೆಸುವ ಪುಟ್ಟ ಬೋರ್ಡಾದ ಆರ್ಡುಯಿನೋ ನ್ಯಾನೋ ಒಂದು, ದೀಪಗಳನ್ನು ನಿಯಂತ್ರಿಸುವ ಡ್ರೈವರ್ ಬೋರ್ಡು ಒಂದು ಸೇರಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಬೆಳಕು ಏರಿಸಬಹುದು, ಇಳಿಸಬಹುದು. ಏರಿಸುವಾಗ ಏನೂ ತೊಂದರೆ ಇಲ್ಲ. ತೊಡಕೆಲ್ಲ ಇಳಿಸುವಾಗ ಕೊನೆಯಲ್ಲಿ. ಪ್ರೋಗ್ರಾಮಿನಲ್ಲಿ ಬೆಳಕು ಸೊನ್ನೆಗೆ ಬಂದಿರುತ್ತದೆ, ಆದರೆ ಕೋಣೆಯ ದೀಪ ಆರಿಸಿ ನೋಡಿದರೆ ಅರಗು ಮೆತ್ತಿದ ಚನ್ನಪಟ್ಟಣದ ಗೊಂಬೆಗಳ ಮೈಮೇಲೆ ಸೂಜಿಮೊನೆಯಷ್ಟು ಬೆಳಕು ಇನ್ನೂ ಕೂತಿರುತ್ತದೆ. ಮಣ್ಣಿನ ಗೊಂಬೆಯಲ್ಲಿ ಇದು ಕಾಣುವುದಿಲ್ಲ. ಅರಗಿನ ಹೊಳಪು ಮಾತ್ರ ಏನನ್ನೂ ಮುಚ್ಚಿಡುವುದಿಲ್ಲ.

ಮಂಕು ಮಾಡುವುದು ಒಂದು ಕೆಲಸ, ಆರಿಸುವುದು ಇನ್ನೊಂದು ಕೆಲಸ. ಡ್ರೈವರ್ ಚಿಪ್ಪುಗಳಲ್ಲಿ ಎರಡಕ್ಕೂ ಬೇರೆ ಬೇರೆ ದಾರಿ ಇರುತ್ತದೆ. ಮಂಕು ಮಾಡುವ ದಾರಿಯಲ್ಲೇ ಹೋಗಿ ಆರಿಸಲು ನೋಡಿದರೆ ಮೇಲೆ ಹೇಳಿದ ಮಿಣುಕು ಉಳಿಯುತ್ತದೆ, ಇಲ್ಲವೇ ಕರೆಂಟು ಹೋಗಿ ಬಂದಾಗ ನಡುರಾತ್ರಿಯಲ್ಲಿ ಒಂಬತ್ತೂ ಮೆಟ್ಟಿಲು ಧಗ್ಗೆಂದು ಹೊತ್ತಿಕೊಳ್ಳುತ್ತವೆ.

ಮೊದಲು ಸಾಮಾನಿನ ಲೆಕ್ಕ. ಒಂಬತ್ತು ಮೆಟ್ಟಿಲು, ಒಂದೊಂದಕ್ಕೆ ನಾಲ್ಕಡಿ, ಅಂದರೆ ಸುಮಾರು 1.2 ಮೀಟರ್ ಪಟ್ಟಿ. ಮೀಟರಿಗೆ 60 ಎಲ್‌ಇಡಿ ಇರುವ 12 ವೋಲ್ಟಿನ 3528 ಪಟ್ಟಿ ಸಾಕು. ಅದು ಮೀಟರಿಗೆ 4.8 ವ್ಯಾಟ್ ಎಳೆಯುತ್ತದೆ. 5050 ಪಟ್ಟಿ ಇದರ ಮೂರು ಪಟ್ಟು, 14.4 ವ್ಯಾಟ್, ಗೊಂಬೆಯ ಮುಖಕ್ಕೆ ಅಷ್ಟು ಬೆಳಕು ಬಿದ್ದರೆ ಬಣ್ಣವೆಲ್ಲ ಬೆಳ್ಳಗಾಗುತ್ತದೆ. 3528ರಲ್ಲಿ ಒಂದು ಮೆಟ್ಟಿಲಿಗೆ ಅರ್ಧ ಆಂಪಿಗಿಂತ ಸ್ವಲ್ಪ ಕಡಿಮೆ, ಒಟ್ಟು 52 ವ್ಯಾಟ್, ಸುಮಾರು 4.3 ಆಂಪ್. ಪಟ್ಟದ ಗೊಂಬೆಗೆ ಒಂದು ವ್ಯಾಟಿನ ಸ್ಪಾಟುಗಳನ್ನೂ ಸೇರಿಸಿ. 5 ಆಂಪಿನ ಎಸ್‌ಎಂಪಿಎಸ್ (12 ವೋಲ್ಟ್ ಕೊಡುವ ಪವರ್ ಸಪ್ಲೈ) ತೀರಾ ಬಿಗಿಯಾಗುತ್ತದೆ, 100 ವ್ಯಾಟಿನದನ್ನೇ ತನ್ನಿ. ಪಟ್ಟಿಯನ್ನು ಮೂರು ಎಲ್‌ಇಡಿಗೊಮ್ಮೆ, ಅಂದರೆ ಐದು ಸೆಂಟಿಮೀಟರಿಗೊಮ್ಮೆ ಬರುವ ಗುರುತಿನಲ್ಲಿ ಮಾತ್ರ ಕತ್ತರಿಸಬೇಕು.

ಮೆಟ್ಟಿಲುಗಳ ನಿಯಂತ್ರಣಕ್ಕೆ ಪಿಸಿಎ9685 ಚಿಪ್ಪು ಒಳ್ಳೆಯದು. 16 ಚಾನೆಲ್, ಒಂದೊಂದರಲ್ಲೂ 12 ಬಿಟ್, ಅಂದರೆ 4096 ಹಂತ, ನ್ಯಾನೋ ಜೊತೆ ಮಾತಾಡಲು ಐ2ಸಿಯ ಎರಡೇ ತಂತಿ, ಡೇಟಾ ಮತ್ತು ಕ್ಲಾಕ್. ಇದರ ಔಟ್‌ಪುಟ್ 5 ವೋಲ್ಟಿನಲ್ಲಿ 10 ಮಿಲಿಆಂಪ್ ಕೊಡಬಲ್ಲದು, 25 ಮಿಲಿಆಂಪ್ ಒಳಗೆಳೆಯಬಲ್ಲದು. ಪಟ್ಟಿಯನ್ನು ನೇರವಾಗಿ ನಡೆಸಲು ಇದು ಸಾಲದು, ನಡುವೆ ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್‌ಫೆಟ್ ಟ್ರಾನ್ಸಿಸ್ಟರ್ ಬೇಕು.

ಈ ಚಿಪ್ಪಿನಲ್ಲಿ ಎಡವುವುದು ಸೊನ್ನೆಯ ವಿಷಯದಲ್ಲೇ. ಚಿಪ್ಪು ಮಂಕು ಮಾಡುವುದು ದೀಪವನ್ನು ಕಣ್ಣಿಗೆ ಗೊತ್ತಾಗದಷ್ಟು ಬೇಗ ಬೇಗ ಹೊತ್ತಿಸಿ ಆರಿಸಿ, ಇದಕ್ಕೆ ಪಿಡಬ್ಲ್ಯುಎಂ ಎನ್ನುತ್ತಾರೆ. ಒಂದೊಂದು ಸುತ್ತಿನಲ್ಲೂ 4096 ಎಣಿಕೆ. ಪ್ರತಿ ಚಾನೆಲ್ಲಿಗೆ ಎರಡು ಎಣಿಕೆ ಬರೆಯಬೇಕು: ಯಾವ ಎಣಿಕೆಗೆ ಹೊತ್ತಬೇಕು, ಯಾವ ಎಣಿಕೆಗೆ ಆರಬೇಕು. ಹೊತ್ತುವುದು 0, ಆರುವುದು 0 ಎಂದು ಬರೆದರೆ ದೀಪ ಆರಿರುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಎರಡೂ ಎಣಿಕೆ ಒಂದೇ ಆಗಿರಬಾರದು ಎಂದು ಚಿಪ್ಪಿನ ಡೇಟಾಶೀಟೇ ಸ್ಪಷ್ಟವಾಗಿ ಹೇಳುತ್ತದೆ. ಪೂರ್ತಿ ಆರಿಸಲೆಂದೇ ಪ್ರತ್ಯೇಕ ಬಿಟ್ ಇದೆ: ಆರುವ ಎಣಿಕೆಯ ಮೇಲಿನ ಬೈಟಿನಲ್ಲಿ, ಸೊನ್ನೆಯಿಂದ ಎಣಿಸಿದರೆ, ನಾಲ್ಕನೆಯ ಬಿಟ್. ಅಲ್ಲಿ 16 ಬರೆದರೆ ಎಣಿಕೆ ಏನೇ ಇರಲಿ, ಆ ಚಾನೆಲ್ ಸತ್ತ ಹಾಗೆ. ಹೊತ್ತುವ ಎಣಿಕೆಯ ಮೇಲಿನ ಬೈಟಿನಲ್ಲೂ ಇಂಥದ್ದೇ ಒಂದು ಬಿಟ್ ಇದೆ, ಅದು ಪೂರ್ತಿ ಬೆಳಗಿಸಲು. ಎರಡೂ ಬಿಟ್ ಒಟ್ಟಿಗೆ 1 ಆಗಿದ್ದರೆ ಗೆಲ್ಲುವುದು ಆರಿಸುವ ಬಿಟ್. ಚಿಪ್ಪು ಮಾಡಿದವರು ಯೋಚಿಸಿ ಇಟ್ಟ ಕ್ರಮ ಇದು, ನನಗೆ ಇದರ ಬಗ್ಗೆ ನಿಜಕ್ಕೂ ಗೌರವವಿದೆ. ಲೈಬ್ರರಿ ಬಳಸುವವರು ಹೊತ್ತುವ ಜಾಗಕ್ಕೆ 0, ಆರುವ ಜಾಗಕ್ಕೆ 4096 ಕೊಟ್ಟರೆ ಇದೇ ಬಿಟ್ ಏಳುತ್ತದೆ. 4096 ಎಂದರೆ ಹನ್ನೆರಡನೆಯ ಬಿಟ್ ತಾನೇ. 4095 ಕೊಟ್ಟರೆ ಮಾತ್ರ ಹೆಚ್ಚುಕಡಿಮೆ ಪೂರ್ತಿ ಬೆಳಕು. ಒಂದೇ ಅಂಕಿಯ ವ್ಯತ್ಯಾಸ, ಫಲ ತದ್ವಿರುದ್ಧ.

ಹದಿನಾರೂ ಚಾನೆಲ್ ಒಟ್ಟಿಗೆ ಆರಿಸಬೇಕೆಂದರೆ 253ನೆಯ ರಿಜಿಸ್ಟರಿಗೆ (ಚಿಪ್ಪಿನೊಳಗೆ ಅಂಕಿ ಬರೆದಿಡುವ ಖಾನೆ) 16 ಬರೆದರೆ ಮುಗಿಯಿತು. ಒಂದೇ ಸಲ ಬರೆಯುವುದು, ಲೂಪ್ ಬೇಕಿಲ್ಲ.

ಮಾಸ್‌ಫೆಟ್ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಐಆರ್‌ಎಫ್‌ಝಡ್44ಎನ್. ಬೇಕಾದದ್ದು ಅದಲ್ಲ, ಐಆರ್‌ಎಲ್‌ಝಡ್44ಎನ್. ‘ಎಲ್’ ಅಕ್ಷರ ನೋಡಿ ತನ್ನಿ. ಮಾಸ್‌ಫೆಟ್ ತೆರೆದು ಕರೆಂಟು ಬಿಡುವಂತೆ ಮಾಡುವ ಕಾಲು ಗೇಟ್. ಮೊದಲನೆಯದಕ್ಕೆ ಗೇಟಿನಲ್ಲಿ 10 ವೋಲ್ಟ್ ಕೊಟ್ಟರಷ್ಟೇ ಅದು ಹೇಳಿದ ಹಾಗೆ ತೆರೆಯುತ್ತದೆ, ಎರಡನೆಯದು 5 ವೋಲ್ಟಿಗೇ ತೆರೆಯುತ್ತದೆ. ಒಂದು ಮೆಟ್ಟಿಲಿಗೆ ಅರ್ಧ ಆಂಪ್ ಮಾತ್ರ ಆದ್ದರಿಂದ, ಸಣ್ಣ ಚಿಪ್ಪು ಬೆಸುಗೆ ಹಾಕಲು ಕೈ ಕುದುರಿದ್ದರೆ ಎಒ3400 ಇನ್ನೂ ಉತ್ತಮ. ಅದು 2.5 ವೋಲ್ಟಿಗೇ ತೆರೆಯುತ್ತದೆ, ಗೇಟ್ ತುಂಬಲು ಬೇಕಾದ ಚಾರ್ಜ್ ಕೂಡ ತೀರಾ ಕಡಿಮೆ. ಐಆರ್‌ಎಲ್‌ಝಡ್44ಎನ್‌ಗೆ ಆ ಚಾರ್ಜ್ 48 ನ್ಯಾನೋಕೂಲಂಬ್‌ವರೆಗೆ ಹೋಗುತ್ತದೆ. 10 ಮಿಲಿಆಂಪಿನಲ್ಲಿ ಅದನ್ನು ತುಂಬಲು ಸುಮಾರು 5 ಮೈಕ್ರೋಸೆಕೆಂಡ್ ಹಿಡಿಯುತ್ತದೆ, ಹಾಗಾಗಿ ತೀರಾ ಸಣ್ಣ ಪಲ್ಸುಗಳು ಗೇಟಿನಲ್ಲೇ ಕರಗಿಹೋಗುತ್ತವೆ.

ಗೇಟಿನಿಂದ ಗ್ರೌಂಡಿಗೆ 10 ಕಿಲೋಓಂ ರೆಸಿಸ್ಟರ್ ಹಾಕದೆ ಬಿಡಬೇಡಿ. ಇದನ್ನು ಪಿಸಿಎ ಬೋರ್ಡಿನ ಬಳಿ ಅಲ್ಲ, ಮಾಸ್‌ಫೆಟ್ಟಿನ ಕಾಲಿಗೇ ಹಾಕಬೇಕು. ನಡುವಿನ ತಂತಿ ಕಳಚಿದರೆ ಗೇಟು ಗಾಳಿಯಲ್ಲಿ ತೇಲುತ್ತದೆ. ಅರೆಬರೆ ತೆರೆದುಕೊಂಡು ಪಟ್ಟಿ ಮಂದವಾಗಿ ಉರಿಯುತ್ತದೆ, ಕೈ ಹತ್ತಿರ ತಂದರೆ ಬೆಳಕು ಹೆಚ್ಚುಕಡಿಮೆಯಾಗುತ್ತದೆ. ‘ದೆವ್ವ ಹಿಡಿದ ಪಟ್ಟಿ’ಯ ಮದ್ದು ಈ ಒಂದು ರೆಸಿಸ್ಟರ್.

ಪಟ್ಟಿಯ ಪ್ಲಸ್ ಬದಿಯನ್ನು ಪಿ-ಚಾನೆಲ್ ಮಾಸ್‌ಫೆಟ್ಟಿನಿಂದ ಕತ್ತರಿಸಲು ಹೊರಟವರಿಗೆ ಒಂದು ಮಾತು. ಸೋರ್ಸ್ 12 ವೋಲ್ಟಿನಲ್ಲಿದ್ದು ಗೇಟಿಗೆ 5 ವೋಲ್ಟ್ ಕೊಟ್ಟರೆ ನಡುವೆ ಇನ್ನೂ 7 ವೋಲ್ಟ್ ಉಳಿಯುತ್ತದೆ, ಅದು ಎಂದೂ ಮುಚ್ಚುವುದಿಲ್ಲ. ಗೇಟನ್ನು 10 ಕಿಲೋಓಂನಿಂದ 12 ವೋಲ್ಟಿಗೆ ಎತ್ತಿ ಕಟ್ಟಿ, ಒಂದು ಎನ್‌ಪಿಎನ್ ಟ್ರಾನ್ಸಿಸ್ಟರಿನಿಂದ ಕೆಳಗೆ ಎಳೆಯಬೇಕು.

ನ್ಯಾನೋ ಬದಲು ಇಎಸ್‌ಪಿ32 ಬೋರ್ಡು ಬಳಸುವುದಾದರೆ ಎಚ್ಚರ. ಪಿಸಿಎ9685ಗೆ 5 ವೋಲ್ಟ್ ಕೊಟ್ಟರೆ ಅದು ‘ಒಂದು’ ಎಂದು ಒಪ್ಪಿಕೊಳ್ಳಲು 3.5 ವೋಲ್ಟ್ ಕೇಳುತ್ತದೆ, ಇಎಸ್‌ಪಿ ಕೊಡುವುದು 3.3. ಮೇಜಿನ ಮೇಲೆ ನಡೆಯುತ್ತದೆ, ಉದ್ದ ತಂತಿ ಹಾಕಿದ ದಿನ ಕೈಕೊಡುತ್ತದೆ. ಚಿಪ್ಪನ್ನೂ 3.3 ವೋಲ್ಟಿನಲ್ಲೇ ನಡೆಸಿ, ಮಾಸ್‌ಫೆಟ್ ಎಒ3400 ಹಾಕಿ. 3.3 ವೋಲ್ಟಿನ ಸಂಕೇತವನ್ನು 5ಕ್ಕೆ ಏರಿಸುವ ಲೆವೆಲ್ ಶಿಫ್ಟರ್ ಕೂಡ ಆಗುತ್ತದೆ, ಆದರೆ ಒಂದು ಭಾಗ ಕಡಿಮೆ ಇದ್ದಷ್ಟೂ ಕೆಡುವುದು ಕಡಿಮೆ.

ಓಇ ಕಾಲು

ಪಿಸಿಎ9685ರಲ್ಲಿ ಓಇ ಎಂಬ ಕಾಲಿದೆ. ಅದರ ವೋಲ್ಟೇಜ್ ಕೆಳಗಿದ್ದರೆ ಔಟ್‌ಪುಟ್‌ಗಳು ನಡೆಯುತ್ತವೆ, ಮೇಲಿದ್ದರೆ ಎಲ್ಲವೂ ಆರುತ್ತವೆ. ಹೆಚ್ಚಿನವರು ಇದನ್ನು ಖಾಲಿ ಬಿಡುತ್ತಾರೆ. ಬಿಡಬಾರದು. ನ್ಯಾನೋ ಕೈಕೊಟ್ಟಾಗಲೂ ದೀಪ ಆರಿಸುವ ಒಂದೇ ದಾರಿ ಇದು.

ಏಕೆಂದರೆ ನ್ಯಾನೋ ರೀಸೆಟ್ ಆದರೂ ಪಿಸಿಎ ಚಿಪ್ಪು ರೀಸೆಟ್ ಆಗುವುದಿಲ್ಲ. ವೋಲ್ಟೇಜ್ ಕುಸಿದು ನ್ಯಾನೋ ಒಂದು ಕ್ಷಣ ಬಿದ್ದೆದ್ದರೆ, ಚಿಪ್ಪು ಹಿಂದಿನ ಬೆಳಕನ್ನೇ ಹಿಡಿದು ಕೂತಿರುತ್ತದೆ. ಐ2ಸಿ ಮಾತಿನ ಮಧ್ಯದಲ್ಲೇ ಬಿದ್ದಿದ್ದರಂತೂ ಡೇಟಾ ತಂತಿ ಕೆಳಗೇ ಸಿಕ್ಕಿಕೊಂಡು, ಮುಂದೆ ಯಾವ ಆದೇಶವೂ ತಲುಪುವುದಿಲ್ಲ. ಓಇ ಕಾಲನ್ನು ರೆಸಿಸ್ಟರಿನಿಂದ ಮೇಲಕ್ಕೆ ಕಟ್ಟಿ, ನ್ಯಾನೋದ ಒಂದು ಪಿನ್ನಿನಿಂದ ಕೆಳಗೆ ಎಳೆಯುವಂತೆ ಮಾಡಿದರೆ, ನ್ಯಾನೋ ಬಿದ್ದ ಕ್ಷಣವೇ ಪಿನ್ ಸಡಿಲವಾಗಿ ಓಇ ಮೇಲೇಳುತ್ತದೆ, ದೀಪಗಳು ಆರುತ್ತವೆ. ಪ್ರೋಗ್ರಾಮು ಬಿದ್ದೇಳದೆ ಎಲ್ಲೋ ಸಿಕ್ಕಿಕೊಂಡರೆ ಮಾತ್ರ ಪಿನ್ ಕೆಳಗೇ ಉಳಿಯುತ್ತದೆ, ಅದಕ್ಕೆ, ಸಿಕ್ಕಿಕೊಂಡ ನ್ಯಾನೋವನ್ನು ತಾನಾಗಿ ರೀಸೆಟ್ ಮಾಡುವ ವಾಚ್‌ಡಾಗ್ ಟೈಮರ್ ಹಾಕಿ. ಹಳೆಯ ಬೂಟ್‌ಲೋಡರ್ (ನ್ಯಾನೋ ಏಳುವಾಗ ಮೊದಲು ಓಡುವ ಪ್ರೋಗ್ರಾಮು) ಇರುವ ನ್ಯಾನೋಗಳು ವಾಚ್‌ಡಾಗ್ ಕಚ್ಚಿದ ಮೇಲೆ ರೀಸೆಟ್ಟಿನ ಸುಳಿಯಲ್ಲಿ ಸಿಲುಕುತ್ತವೆ, ಹೊಸ ಬೂಟ್‌ಲೋಡರ್ ತುಂಬಿಕೊಳ್ಳಿ.

ಇಲ್ಲೊಂದು ತೊಡಕಿದೆ. ಸಿದ್ಧ ಬೋರ್ಡುಗಳಲ್ಲಿ ಓಇ ಕಾಲನ್ನು 10 ಕಿಲೋಓಂನಿಂದ ಕೆಳಕ್ಕೆ ಕಟ್ಟಿರುವುದುಂಟು. ನೀವು ಇನ್ನೊಂದು 10 ಕಿಲೋಓಂನಿಂದ ಮೇಲಕ್ಕೆ ಕಟ್ಟಿದರೆ ಎರಡೂ ಜಗ್ಗಾಡಿ ಕಾಲು 2.5 ವೋಲ್ಟಿನಲ್ಲಿ ನಿಲ್ಲುತ್ತದೆ, ಅತ್ತಲೂ ಇಲ್ಲ ಇತ್ತಲೂ ಇಲ್ಲ. ಮೇಲಿನದಕ್ಕೆ 1 ಕಿಲೋಓಂ ಹಾಕಿ, ಆಗ 4.5 ವೋಲ್ಟ್ ಬರುತ್ತದೆ. ಮೀಟರ್ ಇಟ್ಟು ನೋಡಿಯೇ ಮುಂದುವರಿಯಿರಿ.

ಶುರುವಿನ ಕ್ರಮ ಹೀಗಿರಲಿ. ಓಇ ಮೇಲಿರುವಾಗಲೇ ಕ್ಲಾಕ್ ತಂತಿಗೆ ಒಂಬತ್ತು ಪಲ್ಸ್ ಕೊಟ್ಟು ಸಿಕ್ಕಿಕೊಂಡ ಐ2ಸಿ ಬಿಡಿಸಿ. ಆಮೇಲೆ ವಿಳಾಸ 0ಕ್ಕೆ 6 ಕಳಿಸಿ, ಚಿಪ್ಪು ಸಾಫ್ಟ್‌ವೇರ್ ರೀಸೆಟ್ ಆಗುತ್ತದೆ. ಪ್ರೀಸ್ಕೇಲ್ (ಪಿಡಬ್ಲ್ಯುಎಂ ಫ್ರೀಕ್ವೆನ್ಸಿ ಗೊತ್ತುಮಾಡುವ ಅಂಕಿ) ಬರೆಯಲು ಚಿಪ್ಪು ನಿದ್ರೆಯ ಸ್ಥಿತಿಯಲ್ಲಿರಬೇಕು, ರೀಸೆಟ್ ಆದ ಕೂಡಲೇ ಅದು ನಿದ್ರೆಯಲ್ಲೇ ಇರುತ್ತದೆ, ಆಗಲೇ ಬರೆದುಬಿಡಿ. ಎಬ್ಬಿಸಿದ ಮೇಲೆ ಆಸಿಲೇಟರ್ ಸ್ಥಿರವಾಗಲು 500 ಮೈಕ್ರೋಸೆಕೆಂಡ್ ಬಿಡಿ. 253ಕ್ಕೆ 16 ಬರೆಯಿರಿ. ಇಷ್ಟೆಲ್ಲ ಆದ ಮೇಲೆ ಓಇ ಕೆಳಗೆ. ಕರೆಂಟು ಬಂದಾಗ ಹಿಂದಿನ ಬೆಳಕಿಗೆ ತಾನಾಗಿ ಮರಳುವಂತೆ ಬರೆಯಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆರಿದ ಸ್ಥಿತಿಯಲ್ಲೇ ಏಳಲಿ, ಬಟನ್ ಒತ್ತಿದವರಿಗೆ ಹೊತ್ತಲಿ.

ಪಟ್ಟದ ಗೊಂಬೆಯ ಸ್ಪಾಟು

ಪಟ್ಟದ ಗೊಂಬೆಗೆ ಒಂದು ವ್ಯಾಟಿನ ಎಲ್‌ಇಡಿ ಹಾಕುವಾಗ ಸುಮ್ಮನೆ ರೆಸಿಸ್ಟರ್ ಹಾಕದೆ ಪಿಟಿ4115 ಹಾಕಿ. 6ರಿಂದ 30 ವೋಲ್ಟ್ ತೆಗೆದುಕೊಂಡು ಎಲ್‌ಇಡಿಗೆ ಸ್ಥಿರವಾದ ಕರೆಂಟು ಕೊಡುವ ಚಿಪ್ಪು ಇದು. ಕರೆಂಟು ಎಷ್ಟೆಂದು ಹೇಳುವುದು ಒಂದು ಸಣ್ಣ ರೆಸಿಸ್ಟರ್: 0.1 ವೋಲ್ಟನ್ನು ಅದರ ಓಂನಿಂದ ಭಾಗಿಸಿ. 350 ಮಿಲಿಆಂಪಿಗೆ 0.286 ಓಂ ಬೇಕು, 0.56 ಓಂನ ಎರಡನ್ನು ಪಕ್ಕಪಕ್ಕ ಹಾಕಿದರೆ 0.28 ಓಂ, 357 ಮಿಲಿಆಂಪ್, ಸಾಕು. ಕಾಯಿಲ್ 68 ಮೈಕ್ರೋಹೆನ್ರಿ, ಡಯೋಡ್ ಶಾಟ್ಕಿಯೇ ಆಗಬೇಕು. 1ಎನ್4007 ಹಾಕಿದರೆ ಈ ವೇಗಕ್ಕೆ ಅದು ಸುಡುತ್ತದೆ.

ಮೂರನೆಯ ಕಾಲು ಡಿಮ್. ಅದು 0.3 ವೋಲ್ಟಿಗಿಂತ ಕೆಳಗಿದ್ದರೆ ಚಿಪ್ಪು ಆರುತ್ತದೆ, 2.5ಕ್ಕಿಂತ ಮೇಲಿದ್ದರೆ ಪೂರ್ತಿ ಬೆಳಗುತ್ತದೆ. 0.5ರಿಂದ 2.5ರ ನಡುವೆ ವೋಲ್ಟೇಜಿಗೆ ತಕ್ಕ ಹಾಗೆ ಕರೆಂಟು. ಪೊಟೆನ್ಷಿಯೋಮೀಟರ್ ಹಾಕಿ ಮಂಕು ಮಾಡುವವರು ಇಲ್ಲಿ ಗಮನಿಸಬೇಕು: 0.5 ವೋಲ್ಟಿನಲ್ಲಿ ಇನ್ನೂ ಐದನೇ ಒಂದು ಪಾಲು ಕರೆಂಟು ಇರುತ್ತದೆ. ಅದರ ಕೆಳಗೆ ಮಂಕಿನ ದಾರಿ ಮುಗಿದು, ದೀಪ ಒಮ್ಮೆಲೇ ಆರುತ್ತದೆ. ನಯವಾಗಿ ಇಳಿಯಬೇಕೆಂದರೆ ಪಿಡಬ್ಲ್ಯುಎಂ ಒಂದೇ ಗತಿ.

ಇನ್ನೊಂದು ಗುಣ: ಡಿಮ್ ಕಾಲನ್ನು ಖಾಲಿ ಬಿಟ್ಟರೆ ಚಿಪ್ಪು ಪೂರ್ತಿ ಬೆಳಗುತ್ತದೆ. ಒಳಗೇ 5 ವೋಲ್ಟಿನಿಂದ 200 ಕಿಲೋಓಂ ಆ ಕಾಲನ್ನು ಎತ್ತಿ ಹಿಡಿದಿದೆ. ಮಾಸ್‌ಫೆಟ್ಟಿನ ತಂತಿ ಕಳಚಿದರೆ ದೀಪ ಆರಬೇಕೆಂದು 10 ಕಿಲೋಓಂ ಹಾಕಿದೆವಲ್ಲ, ಅದೇ ಬೆಲೆಯನ್ನು ಇಲ್ಲಿ ಹಾಕಿದರೆ ಕಾಲಿನಲ್ಲಿ 0.24 ವೋಲ್ಟ್ ನಿಲ್ಲುತ್ತದೆ. ಗೆರೆ ಇರುವುದು 0.3ಕ್ಕೆ. ಚಿಪ್ಪಿಂದ ಚಿಪ್ಪಿಗೆ ಬರುವ ವ್ಯತ್ಯಾಸಕ್ಕೆ ಇಷ್ಟು ಅಂತರ ಸಾಲದು. 4.7 ಕಿಲೋಓಂ ಹಾಕಿ, 0.12 ವೋಲ್ಟ್ ಆಗುತ್ತದೆ, ಚಿಂತೆಯಿಲ್ಲ. ಪಿಸಿಎ ಔಟ್‌ಪುಟ್ 4.7 ಕಿಲೋಓಂ ಎತ್ತಲು ಒಂದು ಮಿಲಿಆಂಪಿಗಿಂತ ಸ್ವಲ್ಪ ಹೆಚ್ಚು ಸಾಕು.

ಬೆಳಕಿನ ತಳಭಾಗದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಾಯಿಲ್ ಇರುವುದರಿಂದ ಕರೆಂಟು ತಟ್ಟನೆ ಏರುವುದಿಲ್ಲ, ತಟ್ಟನೆ ಇಳಿಯುವುದೂ ಇಲ್ಲ. 12 ವೋಲ್ಟ್, ಒಂದು ಬಿಳಿ ಎಲ್‌ಇಡಿ ಎಂದರೆ 350 ಮಿಲಿಆಂಪಿಗೆ ಏರಲು ಸುಮಾರು 2.7 ಮೈಕ್ರೋಸೆಕೆಂಡ್, ಇಳಿಯಲು ಅದರ ಎರಡು ಪಟ್ಟಿಗೂ ಹೆಚ್ಚು. ಸಾಲಾಗಿ ಮೂರು ಎಲ್‌ಇಡಿ ಇದ್ದರೆ ಲೆಕ್ಕ ತಿರುವುಮುರುವು: ಏರಲು 10 ಮೈಕ್ರೋಸೆಕೆಂಡ್, ಇಳಿಯಲು ಎರಡೂವರೆ. ಹಾಗಾಗಿ ಒಂದು ಎಲ್‌ಇಡಿಯ ಸ್ಪಾಟಿಗೂ ಮೂರು ಎಲ್‌ಇಡಿಯ ಸ್ಪಾಟಿಗೂ ಒಂದೇ ಅಂಕಿ ಕೊಟ್ಟರೆ ಮೇಲೆ ಸರಿಯಾಗಿ ಹೊಂದುತ್ತವೆ, ತೀರಾ ಕೆಳಗೆ ಮೊದಲನೆಯದು ಹೆಚ್ಚು ಬೆಳಗುತ್ತದೆ, ಎರಡನೆಯದು ಬೇಗ ಸಾಯುತ್ತದೆ. ಚಿಪ್ಪು ಕೆಟ್ಟಿದೆ ಎಂದು ಬದಲಾಯಿಸಬೇಡಿ, ಇದು ಕಾಯಿಲಿನ ಸ್ವಭಾವ. ರಾಜ, ರಾಣಿ ಇಬ್ಬರಿಗೂ ಒಂದೇ ಬಗೆಯ ಸ್ಪಾಟು ಹಾಕಿ.

ಪಿಡಬ್ಲ್ಯುಎಂ ಫ್ರೀಕ್ವೆನ್ಸಿ ಗೊತ್ತುಮಾಡುವಾಗಲೂ ಇದೇ ಲೆಕ್ಕ ಬರುತ್ತದೆ. ಪಿಸಿಎ9685 ತಾನಾಗಿ 200 ಹರ್ಟ್ಸ್‌ನಲ್ಲಿ ಏಳುತ್ತದೆ. ಕಣ್ಣಿಗೆ ಅದು ಸಾಕು, ಆದರೆ ನೆಂಟರು ಮೊಬೈಲಿನಲ್ಲಿ ವಿಡಿಯೋ ಹಿಡಿದರೆ ಕಪ್ಪು ಪಟ್ಟೆಗಳು ಓಡುತ್ತವೆ. ಗರಿಷ್ಠ 1526 ಹರ್ಟ್ಸ್‌ಗೆ ಹೋದರೆ ಒಂದು ಹಂತ 0.16 ಮೈಕ್ರೋಸೆಕೆಂಡಿಗೆ ಇಳಿದು, ತಳದ ಹಂತಗಳೆಲ್ಲ ಕಾಯಿಲಿನಲ್ಲಿ ಮಾಯ. ಎಲ್ಲ ಚಾನೆಲ್ಲಿಗೂ ಒಂದೇ ಫ್ರೀಕ್ವೆನ್ಸಿ ಆದ್ದರಿಂದ 500ರ ಆಸುಪಾಸು ರಾಜಿ ಮಾಡಿಕೊಳ್ಳುವುದು ಒಳ್ಳೆಯದು. ಪ್ರೀಸ್ಕೇಲ್ 11 ಬರೆದರೆ 509 ಹರ್ಟ್ಸ್, ಒಂದು ಹಂತ ಸುಮಾರು ಅರ್ಧ ಮೈಕ್ರೋಸೆಕೆಂಡ್.

ಅರಮನೆಯ ಬಲ್ಬಿನಂತೆ ಆರಲಿ

ಮೈಸೂರಿನವರ ಕಣ್ಣಿಗೆ ದೀಪ ಆರುವ ಬಗೆಯೊಂದು ಅಂಟಿಕೊಂಡಿದೆ. ಅರಮನೆಯ ಸುಮಾರು ಲಕ್ಷ ಬಲ್ಬುಗಳು ಆರುವಾಗ ಹಳದಿ ಕೇಸರಿಯಾಗಿ, ಕೇಸರಿ ಕೆಂಪಾಗಿ ಕ್ಷಣಕಾಲ ತಡೆದು ಕತ್ತಲಾಗುತ್ತದೆ. ಫಿಲಮೆಂಟ್ ತಣ್ಣಗಾಗಲು ಹಿಡಿಯುವ ಹೊತ್ತು ಅದು. ಎಲ್‌ಇಡಿಗೆ ಆ ಗುಣವಿಲ್ಲ, ಕರೆಂಟು ನಿಂತ ಕೂಡಲೇ ಬೆಳಕು ನಿಲ್ಲುತ್ತದೆ. ಬಣ್ಣ ತರಲಾಗದಿದ್ದರೂ ಆ ನಿಧಾನವನ್ನು ತರಬಹುದು.

ಅಂಕಿಯನ್ನು ಒಂದೇ ಸಮನೆ ಇಳಿಸಿದರೆ ಕಣ್ಣಿಗೆ ಮೊದಲ ಮುಕ್ಕಾಲು ಭಾಗ ಏನೂ ಬದಲಾದಂತೆ ಕಾಣದೆ, ಕೊನೆಯಲ್ಲಿ ದಬಕ್ಕನೆ ಬಿದ್ದ ಹಾಗಾಗುತ್ತದೆ. ಕಣ್ಣು ಮಂದ ಬೆಳಕಿನ ವ್ಯತ್ಯಾಸವನ್ನೇ ಹೆಚ್ಚು ಗುರುತಿಸುತ್ತದೆ. 0ರಿಂದ 1ರ ಅಳತೆಯನ್ನು 2.2ರ ಘಾತಕ್ಕೆ ಏರಿಸಿ 4095ರಿಂದ ಗುಣಿಸಿ. ಕಣ್ಣಿಗೆ ಅರ್ಧ ಬೆಳಕು ಎಂದರೆ ಚಿಪ್ಪಿಗೆ 2048 ಅಲ್ಲ, ಸುಮಾರು 890. ನ್ಯಾನೋದ 8 ಬಿಟ್ ಪಿಡಬ್ಲ್ಯುಎಂನಲ್ಲಿ ಇದನ್ನೇ ಮಾಡಲು ಹೋದರೆ ಕೊನೆಯ ಹಂತವೇ ಕಣ್ಣಿಗೆ ನೂರಕ್ಕೆ ಎಂಟರಷ್ಟು ಕಾಣುತ್ತದೆ; ಅಲ್ಲಿಂದ ಸೊನ್ನೆಗೆ ಹಾರುವುದು ಗೊತ್ತಾಗಿಯೇ ಗೊತ್ತಾಗುತ್ತದೆ. 12 ಬಿಟ್‌ನಲ್ಲಿ ಆ ಕೊನೆಯ ಹಂತ ನೂರಕ್ಕೆ ಎರಡು ಚಿಲ್ಲರೆ. ಒಂದೂವರೆಯಿಂದ ಎರಡು ಸೆಕೆಂಡಿನಲ್ಲಿ, 10 ಮಿಲಿಸೆಕೆಂಡಿಗೊಮ್ಮೆ ಬದಲಾಯಿಸುತ್ತಾ ಇಳಿಸಿ. ಐ2ಸಿಯನ್ನು 400 ಕಿಲೋಹರ್ಟ್ಸ್‌ಗೆ ಇಟ್ಟರೆ ಒಂಬತ್ತು ಚಾನೆಲ್ ಬರೆಯಲು ಒಂದೂಕಾಲು ಮಿಲಿಸೆಕೆಂಡ್ ಸಾಕು.

ತಳಕ್ಕೆ ಒಂದು ಗೆರೆ ಎಳೆದುಕೊಳ್ಳಿ. ಕತ್ತಲಲ್ಲಿ ಕೂತು ಅಂಕಿಯನ್ನು ಒಂದೊಂದೇ ಇಳಿಸುತ್ತಾ, ಬೆಳಕು ಮಿಣುಕಲು ಅಥವಾ ಮೆಟ್ಟಿಲುಗಳು ಒಂದಕ್ಕೊಂದು ಹೊಂದದಿರಲು ಶುರುವಾಗುವ ಅಂಕಿ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಕೆಳಗೆ ಬಂದ ಕೂಡಲೇ ಪೂರ್ತಿ ಆರಿಸುವ ಬಿಟ್ ಬರೆಯಬೇಕು. ಪಟ್ಟಿಗೂ ಸ್ಪಾಟಿಗೂ ಈ ಗೆರೆ ಬೇರೆ ಬೇರೆ ಇರುತ್ತದೆ.

ಪಿಸಿಎ ಇಲ್ಲದೆ ನ್ಯಾನೋದ ಪಿನ್ನಿನಿಂದಲೇ ನಡೆಸುವವರಿಗೆ: ಟೈಮರಿನ ಫಾಸ್ಟ್ ಪಿಡಬ್ಲ್ಯುಎಂನಲ್ಲಿ ರಿಜಿಸ್ಟರಿಗೆ ನೇರವಾಗಿ 0 ಬರೆದರೆ ಔಟ್‌ಪುಟ್ ಆರುವುದಿಲ್ಲ, ಪ್ರತಿ ಸುತ್ತಿಗೂ ಒಂದು ಸಣ್ಣ ಮುಳ್ಳು ಉಳಿಯುತ್ತದೆ. 256ರಲ್ಲಿ ಒಂದು ಪಾಲು. ಕತ್ತಲಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆರ್ಡುಯಿನೋದ ಅನಲಾಗ್‌ರೈಟ್ ಸೊನ್ನೆ ಬಂದಾಗ ಪಿನ್ನನ್ನು ಟೈಮರಿನಿಂದ ಬಿಡಿಸಿ ಕೆಳಗಿಡುತ್ತದೆ. ರಿಜಿಸ್ಟರ್ ಬಳಸುವವರು ಅದನ್ನು ತಾವೇ ಮಾಡಬೇಕು, ಇಲ್ಲವೇ ಫೇಸ್ ಕರೆಕ್ಟ್ ಮೋಡ್ ಬಳಸಬೇಕು.

ಬೇರೆ ಚಿಪ್ಪುಗಳು, ಚುಟುಕಾಗಿ. ಟಿಎಲ್‌ಸಿ5940ರಲ್ಲಿ ಕರೆಂಟು ಬಂದಾಗ ಒಳಗಿನ ಅಂಕಿಗಳು ಏನೇನೋ ಇರುತ್ತವೆ, ಬ್ಲ್ಯಾಂಕ್ ಕಾಲನ್ನು 10 ಕಿಲೋಓಂನಿಂದ ಮೇಲಕ್ಕೆ ಕಟ್ಟದಿದ್ದರೆ ಶುರುವಿಗೇ ಚೆಲ್ಲಾಪಿಲ್ಲಿ ಹೊತ್ತುತ್ತವೆ. ಮ್ಯಾಕ್ಸ್7219ರ ಅತಿ ಕಡಿಮೆ ಬೆಳಕು ಎಂದರೂ 32ರಲ್ಲಿ ಒಂದು ಪಾಲು; ಆರಿಸಲು 12ನೆಯ ರಿಜಿಸ್ಟರಿಗೆ 0 ಬರೆಯಬೇಕು. ಡಬ್ಲ್ಯುಎಸ್2812ಬಿ ಪಟ್ಟಿಗೆ ಕಪ್ಪು ಬಣ್ಣ ಕಳಿಸಿದರೆ ಬೆಳಕೇನೋ ಪೂರ್ತಿ ನಿಲ್ಲುತ್ತದೆ, ಆದರೆ ಒಂದೊಂದು ಎಲ್‌ಇಡಿಯೊಳಗಿನ ಚಿಪ್ಪೂ ಅರ್ಧದಿಂದ ಒಂದು ಮಿಲಿಆಂಪ್ ಕುಡಿಯುತ್ತಲೇ ಇರುತ್ತದೆ. 300 ಇದ್ದರೆ ರಾತ್ರಿಯಿಡೀ ಕಾಲು ಆಂಪಿನ ಆಸುಪಾಸು ವ್ಯರ್ಥ. 5 ವೋಲ್ಟಿನ ಬದಿಯನ್ನೇ ಕತ್ತರಿಸಿ, ಗ್ರೌಂಡನ್ನಲ್ಲ, ಮತ್ತು ಕತ್ತರಿಸುವ ಮುನ್ನ ಡೇಟಾ ಪಿನ್ನನ್ನು ಕೆಳಗಿಡಿ. ಇಲ್ಲದಿದ್ದರೆ ಡೇಟಾ ತಂತಿಯಿಂದಲೇ ಮೊದಲ ಎಲ್‌ಇಡಿಗಳು ಕರೆಂಟು ಕದಿಯುತ್ತವೆ.

ಎಲ್ಲ ಸರಿ ಮಾಡಿದರೂ ಸ್ಪಾಟಿನಲ್ಲಿ ಮಿಣುಕು ಉಳಿದರೆ ಅದು ಸೋರಿಕೆ. ಬಿಳಿ ಎಲ್‌ಇಡಿ ಕೆಲವೇ ಮೈಕ್ರೋಆಂಪಿಗೂ ಕತ್ತಲಲ್ಲಿ ಕಾಣುತ್ತದೆ. ಎಲ್‌ಇಡಿಯ ಎರಡು ಕಾಲಿಗೆ ಅಡ್ಡಲಾಗಿ 10 ಕಿಲೋಓಂ ಬೆಸೆಯಿರಿ. ಎಲ್‌ಇಡಿ ಬೆಳಗಲು 2.4 ವೋಲ್ಟಾದರೂ ಬೇಕು, ಅಲ್ಲಿಯವರೆಗಿನ 240 ಮೈಕ್ರೋಆಂಪ್ ಸೋರಿಕೆಯನ್ನು ರೆಸಿಸ್ಟರೇ ನುಂಗುತ್ತದೆ. ಹೊತ್ತಿರುವಾಗ ಇದರಿಂದ ಆಗುವ ನಷ್ಟ ಒಂದು ಮಿಲಿವ್ಯಾಟ್.

ಕೊನೆಗೆ ಪರೀಕ್ಷೆ, ಪಾಡ್ಯಕ್ಕೆ ಒಂದು ವಾರ ಮುಂಚೆಯೇ. ರಾತ್ರಿ ಕಿಟಕಿ ಮುಚ್ಚಿ, ಎಸ್‌ಎಂಪಿಎಸ್ಸಿನ ಹಸಿರು ದೀಪಕ್ಕೂ ಟೇಪ್ ಅಂಟಿಸಿ, ಹತ್ತು ನಿಮಿಷ ಕತ್ತಲಲ್ಲಿ ಕೂತು ಕಣ್ಣು ಹೊಂದಿದ ಮೇಲೆ ನೋಡಿ. ದೀಪಗಳನ್ನು ಹೊತ್ತಿಸಿ, ನ್ಯಾನೋದ ರೀಸೆಟ್ ಒತ್ತಿ ಹಿಡಿಯಿರಿ: ಎಲ್ಲ ಆರಬೇಕು. ಓಇ ತಂತಿ ಕೀಳಿ: ಆರಬೇಕು. ಒಂದೊಂದು ಗೇಟ್ ತಂತಿ, ಒಂದೊಂದು ಡಿಮ್ ತಂತಿ ಕೀಳಿ: ಆಯಾ ಮೆಟ್ಟಿಲು, ಆಯಾ ಸ್ಪಾಟು ಆರಬೇಕು. ಪ್ಲಗ್ ಕಿತ್ತು ಎರಡು ಸೆಕೆಂಡಿಗೇ ಮತ್ತೆ ಹಾಕಿ, ಹೀಗೆ ಹತ್ತು ಸಲ. ಅರ್ಧಂಬರ್ಧ ಇಳಿದ ವೋಲ್ಟೇಜಿನಲ್ಲೇ ನ್ಯಾನೋ ತಪ್ಪುವುದು ಹೆಚ್ಚು. ಇಷ್ಟರಲ್ಲಿ ಯಾವುದಕ್ಕಾದರೂ ಒಂದು ಮೆಟ್ಟಿಲು ಹೊತ್ತಿಯೇ ಇದ್ದರೆ ಮೊದಲು ಆ ಮೆಟ್ಟಿಲಿನ ಗೇಟ್ ರೆಸಿಸ್ಟರ್ ನೋಡಿ. ಒಣ ಬೆಸುಗೆ ಸಿಗುವುದು ಹೆಚ್ಚಾಗಿ ಅಲ್ಲೇ.